ಕೇಳಿದ ಪ್ರಶ್ನೆಗೆ ಉತ್ತರ ಯಾವ ತಾರೀಖಿಗೆ? ನರಸಾಪುರ, ವೇಮಗಲ್ ಕಾರ್ಖಾನೆಗಳಲ್ಲಿ ಕಿವಿಗೊಡುವ ಕೆಲಸ

ಸಂಬಳ ಬಿದ್ದ ಮರುದಿನ ಕೋಲಾರ ಜಿಲ್ಲೆ ನರಸಾಪುರದ ಕಾರ್ಖಾನೆ ಬಸ್ಸುಗಳಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ. ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಹುಡುಗ ಹುಡುಗಿಯರು ಮೊಬೈಲಿಗೆ ಬಂದ ಪೇ ಸ್ಲಿಪ್ಪನ್ನು ಬೆರಳಲ್ಲಿ ಹಿಗ್ಗಿಸಿ ನೋಡುತ್ತಾ, ಪಕ್ಕದವರ ಸ್ಲಿಪ್ಪಿನ ಜೊತೆ ತಾಳೆ ಹಾಕುತ್ತಾ ಕೂತಿರುತ್ತಾರೆ. ನಿನಗೆಷ್ಟು ಓಟಿ ಬಂತು, ನನಗ್ಯಾಕೆ ಇಷ್ಟೇ, ಈ ಕಡಿತ ಯಾವುದರದ್ದು.

ಅಂಥ ಒಂದು ಸ್ಲಿಪ್ಪನ್ನು ಹತ್ತಿರದಿಂದ ನೋಡೋಣ. ಲೆಕ್ಕಕ್ಕೆ ಸುಲಭವಾಗಲಿ ಅಂತ ತಿಂಗಳಿಗೆ 15,600 ರೂಪಾಯಿ ಅಂತಿಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600, ಗಂಟೆಗೆ 75. ಓಟಿಗೆ (ಶಿಫ್ಟಿನ ಮೇಲೆ ಮಾಡಿದ ಹೆಚ್ಚುವರಿ ಕೆಲಸಕ್ಕೆ) ಇಮ್ಮಡಿ, ಅಂದರೆ ಗಂಟೆಗೆ 150. ತಿಂಗಳಲ್ಲಿ ಎರಡು ದಿನ ಆ ಹುಡುಗಿ ಹೊರಗೆ ಹೋಗುವಾಗ ಒತ್ತಿದ ಬೆರಳನ್ನು ಮೆಷಿನ್ ಹಿಡಿಯಲಿಲ್ಲ. ಸಾಫ್ಟ್‌ವೇರ್ ಎರಡೂ ದಿನವನ್ನು ಗೈರುಹಾಜರಿ ಅಂತ ಬರೆದುಕೊಂಡಿತು, 1,200 ಹೋಯಿತು. ಆ ಎರಡೂ ದಿನ ಮೂರು ಮೂರು ಗಂಟೆ ಓಟಿ ಮಾಡಿದ್ದಳು, 900 ಹೋಯಿತು. ಒಂದು ದಿನ ತಪ್ಪಿಸಿಕೊಂಡರೂ ಹಾಜರಾತಿ ಬೋನಸ್ ಇಲ್ಲ ಅನ್ನುವ ನಿಯಮವಿದ್ದರೆ ಇನ್ನೊಂದು 1,000. ಎರಡು ಸಲ ಬೆರಳು ಸರಿಯಾಗಿ ಕೂರದೆ ಇದ್ದದ್ದಕ್ಕೆ ಒಟ್ಟು 3,100 ರೂಪಾಯಿ.

ಅವಳು ಲೈನ್ ಲೀಡರ್ ಹತ್ತಿರ ಹೋಗುತ್ತಾಳೆ. "ಸಾರ್, ಹನ್ನೆರಡನೇ ತಾರೀಖು ನಾನು ಬಂದಿದ್ದೆ, ಆಬ್ಸೆಂಟ್ ತೋರಿಸ್ತೈತೆ." ಅವನು, "ಎಚ್‌ಆರ್‌ಗೆ ಹೇಳಮ್ಮ" ಅನ್ನುತ್ತಾನೆ. ಎಚ್‌ಆರ್‌ನವರು, ಅಂದರೆ ಸಿಬ್ಬಂದಿ ವಿಭಾಗದವರು, "ನೀವು ಕಾಂಟ್ರಾಕ್ಟ್ ಅಲ್ವಾ, ನಿಮ್ಮ ಕಾಂಟ್ರಾಕ್ಟರ್‌ಗೆ ಹೇಳಿ" ಅನ್ನುತ್ತಾರೆ. ಕಾಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್, "ಕಂಪನಿಯಿಂದ ಹಾಜರಾತಿ ಬಂದಿರೋದೇ ಹೀಗೆ, ನೋಡೋಣ" ಅನ್ನುತ್ತಾನೆ. ಮೂವರಲ್ಲಿ ಯಾರೂ ಗದರಲಿಲ್ಲ. ಮೂವರ ಕಿವಿಗೂ ಮಾತು ಬಿದ್ದಿದೆ. ಹಾಗಿದ್ದೂ ಅವಳ ಪ್ರಶ್ನೆ ಈಗ ಯಾರ ಬಳಿಯೂ ಇಲ್ಲ.

ಒಳ್ಳೆಯ ಮುಂದಾಳತ್ವದ ಬಗ್ಗೆ ಕಂಪನಿಗಳಲ್ಲಿ ನಡೆಯುವ ತರಬೇತಿಗಳು ಸಾಮಾನ್ಯವಾಗಿ ಗುಣಗಳ ಬಗ್ಗೆ ಮಾತಾಡುತ್ತವೆ: ತಾಳ್ಮೆ ಇರಲಿ, ನಗುಮುಖ ಇರಲಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿ. ಇವೆಲ್ಲ ಬೇಕು. ಆದರೆ ಕೋಲಾರ ಜಿಲ್ಲೆಯ ಕೈಗಾರಿಕಾ ಪ್ರದೇಶಗಳಲ್ಲಿ ಕೆಡುತ್ತಿರುವುದು ಬೇರೆ ಕಡೆ. ಕನ್ನಡದಲ್ಲಿ ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಕೆಳಗಿನವರು ಕೇಳಿದ್ದನ್ನು ಮೇಲಿನವರು ಕೇಳಿಸಿಕೊಂಡರು ಅನ್ನುವುದಕ್ಕೆ ನಾವು ಒಪ್ಪುವ ಸಾಕ್ಷಿ ಒಂದೇ: ಇಂಥ ತಾರೀಖಿನೊಳಗೆ, ಇಂಥವರ ಬಾಯಿಂದ, ಕೇಳಿದವರಿಗೇ ಉತ್ತರ ಸಿಗಬೇಕು. ಆ ಉತ್ತರ "ಆಗಲ್ಲ" ಅಂತಿದ್ದರೂ ಸರಿ.

2020ರ ಡಿಸೆಂಬರ್ 12

ಉತ್ತರ ಸಿಗದಿದ್ದರೆ ಏನಾಗುತ್ತದೆ ಅನ್ನುವುದನ್ನು ಈ ಜಿಲ್ಲೆ ಕಣ್ಣಾರೆ ಕಂಡಿದೆ. ಆ ದಿನ ಬೆಳಗಿನ ಜಾವ, ರಾತ್ರಿ ಶಿಫ್ಟ್ ಮುಗಿಯುವ ಹೊತ್ತಿಗೆ, ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ಒಡೆಯಿತು. ಗಾಜು ಪುಡಿಯಾಯಿತು, ವಾಹನಗಳು ಉರುಳಿದವು, ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಹಿಂಸೆಯನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಅದರಲ್ಲಿ ಸಿಕ್ಕಿಕೊಂಡ ಎಷ್ಟೋ ಹುಡುಗರ ಬದುಕು ಕೆಟ್ಟಿತು. ನಾವು ನೋಡಬೇಕಾದ್ದು ಅದರ ಹಿಂದಿನ ಎರಡು ತಿಂಗಳು.

ರಾಜ್ಯದ ಕಾರ್ಖಾನೆಗಳ ಇಲಾಖೆಯ ಪರಿಶೀಲನೆ ಆಗ ಹೇಳಿದ್ದು ಇಷ್ಟು. ಅಲ್ಪಾವಧಿಯಲ್ಲೇ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಎಂಟು ಗಂಟೆಯ ಶಿಫ್ಟು ಹನ್ನೆರಡು ಗಂಟೆಯದಾಗಿತ್ತು. ಹಾಜರಾತಿ ವ್ಯವಸ್ಥೆ ಅಕ್ಟೋಬರಿನಲ್ಲಿ ಕೈಕೊಟ್ಟದ್ದು ಎರಡು ತಿಂಗಳಾದರೂ ಸರಿಹೋಗಿರಲಿಲ್ಲ. ಕಾರ್ಮಿಕ ಕಾನೂನು ಚೆನ್ನಾಗಿ ಬಲ್ಲವರು ಎಚ್‌ಆರ್ ವಿಭಾಗದಲ್ಲಿ ಸಾಕಷ್ಟು ಇರಲಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವರ ಸಂಬಳ ತಡವಾಗಿದೆ ಎಂದು ಆಪಲ್ ಒಪ್ಪಿಕೊಂಡು, ವಿಸ್ಟ್ರಾನನ್ನು ಕೆಲಕಾಲ ಪರೀಕ್ಷಾವಧಿಯಲ್ಲಿಟ್ಟಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಅದೇ ಹೊತ್ತಿನಲ್ಲಿ ಕಂಪನಿ ಘೋಷಿಸಿದ ಇನ್ನೊಂದು ಕ್ರಮವನ್ನು ಗಮನಿಸಬೇಕು: ಹೆಸರು ಹೇಳದೆ ದೂರು ಕೊಡಬಹುದಾದ 24 ಗಂಟೆಯ ಸಹಾಯವಾಣಿ, ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಐದು ಭಾಷೆಗಳಲ್ಲಿ. ಕಾರ್ಖಾನೆ ಶುರುವಾದ ದಿನವೇ ಇರಬೇಕಾಗಿದ್ದ ಕಿವಿ ಅದು. 2023ರಲ್ಲಿ ಆ ಘಟಕ ಟಾಟಾ ಸಮೂಹದ ಕೈಗೆ ಬಂತು.

ಇಲ್ಲಿ ಗಮನಿಸಬೇಕಾದ ಸಂಗತಿ, ಜನ ದುಪ್ಪಟ್ಟಾದಾಗ ಪ್ರಶ್ನೆಗಳು ದುಪ್ಪಟ್ಟಿಗಿಂತ ಹೆಚ್ಚಾಗುತ್ತವೆ. ಹಳಬರಿಗೆ ಓಟಿ ಲೆಕ್ಕ ಗೊತ್ತಿರುತ್ತದೆ, ಯಾವ ಕಿಟಕಿಗೆ ಹೋಗಬೇಕು ಅನ್ನುವುದೂ ಗೊತ್ತಿರುತ್ತದೆ. ಹೊಸಬರಿಗೆ ಪಿಎಫ್‌ಗೆ (ಭವಿಷ್ಯ ನಿಧಿಗೆ) 12% ಹೋಗುತ್ತದೆ, ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆಗೆ) 0.75% ಹೋಗುತ್ತದೆ ಅನ್ನುವುದನ್ನೂ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮೊದಲ ಸಂಬಳದ ದಿನ ಅವರ ಕಣ್ಣಿಗೆ ಕಾಣುವುದು ತಿಳಿಸದೆ ಮುರಿದುಕೊಂಡ ದುಡ್ಡು.

ಈ ಜಿಲ್ಲೆಗೆ ಇದು ಹೊಸದೂ ಅಲ್ಲ. 1930ರಲ್ಲಿ ಕೆಜಿಎಫ್ ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದ್ದು ಬೆರಳಚ್ಚು ಪಡೆದು ನೋಂದಣಿ ಮಾಡಿಕೊಳ್ಳುವ ಹೊಸ ಪದ್ಧತಿಯ ವಿರುದ್ಧ. ಆಡಳಿತ ನಡೆಸುವವರ ಮಾತು ಇಂಗ್ಲಿಷ್, ಸುರಂಗಕ್ಕೆ ಇಳಿಯುವವರಲ್ಲಿ ಹೆಚ್ಚಿನವರ ಮಾತು ತಮಿಳು. ನಮ್ಮನ್ನು ಕೇಳದೆ ನಮ್ಮ ಬೆರಳು ಹಿಡಿದರು ಅನ್ನುವ ನೋವು ಕೂಲಿಯ ಪ್ರಶ್ನೆಗಿಂತ ಆಳಕ್ಕೆ ಹೋಗಬಲ್ಲದು. ಹಾಜರಾತಿಯ ಯಂತ್ರ ಬದಲಾಯಿಸುವ ಪ್ರತಿ ಕಂಪನಿಯೂ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇಪ್ಪತ್ತನಾಲ್ಕು ವರ್ಷದ ಲೈನ್ ಲೀಡರ್

ಕಾರ್ಖಾನೆಯ ಕಿವಿ ಎಲ್ಲಿದೆ? ಎಂ.ಡಿ. ಕೋಣೆಯಲ್ಲಿ ಇಲ್ಲ, ಎಚ್‌ಆರ್ ಮೇಜಿನ ಮೇಲೂ ಇಲ್ಲ. ಅದು ಲೈನ್ ಲೀಡರ್ ಬಳಿ ಇದೆ. ಡಿಪ್ಲೊಮಾ ಅಥವಾ ಐಟಿಐ ಮುಗಿಸಿ ಎರಡು ಮೂರು ವರ್ಷ ಆಪರೇಟರ್ ಆಗಿದ್ದು, ಕೈ ಚುರುಕಾಗಿದೆ ಅನ್ನುವ ಕಾರಣಕ್ಕೆ ಮೇಲೆ ಬಂದ ಹುಡುಗ ಅಥವಾ ಹುಡುಗಿ. ಕೆಳಗೆ ಮೂವತ್ತು ನಲವತ್ತು ಜನ. ಗಂಟೆಗೊಮ್ಮೆ ಬೋರ್ಡಿನ ಮೇಲೆ ಬರೆಯಬೇಕಾದ ಪ್ರೊಡಕ್ಷನ್ ಸಂಖ್ಯೆ. ಮೆಷಿನ್ ಬಗ್ಗೆ ತರಬೇತಿ ಸಿಕ್ಕಿದೆ, ಮನುಷ್ಯರ ಬಗ್ಗೆ ಒಂದು ಗಂಟೆಯೂ ಸಿಕ್ಕಿಲ್ಲ. ಜನ ತಮ್ಮ ಕಷ್ಟ ಮೊದಲು ಹೇಳುವುದು ಇವನಿಗೆ. ಇವನ ಕೈಯಲ್ಲಿ ಅಧಿಕಾರ ಮಾತ್ರ ಏನೇನೂ ಇಲ್ಲ.

ಅಧಿಕಾರ ಇಲ್ಲದವರಿಗೆ ಕೇಳಿಸಿಕೊಳ್ಳುವುದನ್ನು ಕಲಿಸಿ ಪ್ರಯೋಜನವಿಲ್ಲ. ಎಷ್ಟು ಸೌಜನ್ಯದಿಂದ ಕೇಳಿಸಿಕೊಂಡರೂ ಕೊನೆಗೆ "ಮೇಲೆ ಹೇಳ್ತೀನಿ" ಅಂತಲೇ ಮುಗಿಸಬೇಕಾದವನು ಆರು ತಿಂಗಳಲ್ಲಿ ಕೇಳುವುದನ್ನೇ ಬಿಡುತ್ತಾನೆ, ಬಿಡದೆ ಬೇರೆ ದಾರಿ ಇರುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆ, ಅವನ ಕೈಗೆ ಮೂರು ಸಣ್ಣ ಅಧಿಕಾರ ಕೊಡುವುದು. ಹಾಜರಾತಿ ಬೆರಳು ತಪ್ಪಿದ್ದನ್ನು, ಅಂದರೆ ಮಿಸ್ ಪಂಚನ್ನು, ಒಬ್ಬರಿಗೆ ತಿಂಗಳಿಗೆ ಎರಡು ಸಲದವರೆಗೆ ತನ್ನ ಸಹಿಯಲ್ಲೇ ಸರಿಪಡಿಸುವುದು. ಮೈ ಹುಷಾರಿಲ್ಲದವರಿಗೆ ಒಂದು ಶಿಫ್ಟಿನ ಮಟ್ಟಿಗೆ ನಿಂತು ಮಾಡುವ ಕೆಲಸದಿಂದ ಕೂತು ಮಾಡುವ ಕೆಲಸ ಕೊಡುವುದು. ತುರ್ತು ಬಂದಾಗ ಯಾರನ್ನೂ ಕೇಳದೆ ಗೇಟ್ ಪಾಸ್ ಬರೆಯುವುದು. ದುರುಪಯೋಗ ಆಗುತ್ತದೆ ಅನ್ನುವ ಆಕ್ಷೇಪ ಬರುತ್ತದೆ. ಆಗಬಹುದು. ಸಹಿ ಹಾಕಿದ ಚೀಟಿಗಳನ್ನು ತಿಂಗಳಿಗೊಮ್ಮೆ ಎಚ್‌ಆರ್ ಎಣಿಸಿದರೆ ಯಾವ ಲೈನಿನಲ್ಲಿ ಅತಿಯಾಗಿದೆ ಅನ್ನುವುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಎಷ್ಟೋ ಸಲ ಅತಿಯಾಗಿರುವ ಕಡೆ ಕೆಟ್ಟಿರುವುದು ಮೆಷಿನ್.

ಹತ್ತು ನಿಮಿಷದ ಸಭೆ

ಹೆಚ್ಚಿನ ಕಾರ್ಖಾನೆಗಳಲ್ಲಿ ಶಿಫ್ಟ್ ಶುರುವಿನ ಸಭೆ ಈಗಾಗಲೇ ಇದೆ. ಅದು ನಡೆಯುವ ರೀತಿ ಹೀಗಿರುತ್ತದೆ: ಎಲ್ಲರೂ ಸಾಲಾಗಿ ನಿಲ್ಲುತ್ತಾರೆ, ನಿನ್ನೆ ಎಷ್ಟು ಕಡಿಮೆ ಬಿತ್ತು ಅಂತ ಲೀಡರ್ ಹೇಳುತ್ತಾನೆ, ಇವತ್ತಿನ ಟಾರ್ಗೆಟ್ ಹೇಳುತ್ತಾನೆ, "ಏನಾದ್ರೂ ಪ್ರಾಬ್ಲಮ್ ಇದೆಯಾ?" ಅಂತ ಕೇಳುತ್ತಾನೆ, "ಇಲ್ಲ ಸಾರ್" ಅನ್ನುವ ಒಕ್ಕೊರಲು, ಚಪ್ಪಾಳೆ. ಇಡೀ ಸಭೆಯಲ್ಲಿ ಕಾರ್ಮಿಕರಿಗೆ ಸಿಕ್ಕಿದ್ದು ಎರಡು ಪದ.

ಇದೇ ಹತ್ತು ನಿಮಿಷವನ್ನು ತಿರುಗಿಸಿ ಜೋಡಿಸಬಹುದು. ಮೊದಲ ಎರಡು ಮೂರು ನಿಮಿಷ ಹಿಂದೆ ಕೇಳಿದ ಪ್ರಶ್ನೆಗಳ ಉತ್ತರಕ್ಕೆ. ಆಮೇಲೆ ಮೂರು ನಿಮಿಷ ಆ ದಿನದ ಕೆಲಸ. ಉಳಿದದ್ದು ಅವರಿಗೆ. ಉತ್ತರ ಮೊದಲು ಬರಬೇಕು ಅನ್ನುವುದರಲ್ಲೇ ಎಲ್ಲ ಇದೆ. ನಿನ್ನೆ ಕುಡಿಯುವ ನೀರಿನ ಫಿಲ್ಟರ್ ಬಗ್ಗೆ ಹೇಳಿದವಳ ಮಾತಿಗೆ ಇವತ್ತು ಎಲ್ಲರೆದುರು, "ಫಿಲ್ಟರ್ ಗುರುವಾರ ಬದಲಾಗುತ್ತೆ, ಅಲ್ಲಿವರೆಗೆ ಎರಡನೇ ಬ್ಲಾಕಿನ ನೀರು ಕುಡೀರಿ" ಅಂತ ಉತ್ತರ ಬಂದರೆ ನಾಳೆ ಇನ್ನಿಬ್ಬರು ಬಾಯಿ ಬಿಡುತ್ತಾರೆ. ಉತ್ತರ ಬರದಿದ್ದರೆ ಅವಳೂ ಸುಮ್ಮನಾಗುತ್ತಾಳೆ.

"ಪ್ರಾಬ್ಲಮ್ ಇದೆಯಾ" ಅನ್ನುವ ಪ್ರಶ್ನೆಯನ್ನು ಕೈಬಿಡಬೇಕು. ಇದೆ ಅಂದರೆ ತಾನೇ ಪ್ರಾಬ್ಲಮ್ ಆಗಿ ಕಾಣುತ್ತೇನೆ ಅನ್ನುವ ಅಳುಕು ಎಲ್ಲರಿಗೂ ಇರುತ್ತದೆ. ಇದೆಯಾ ಇಲ್ಲವಾ ಅಂತ ಕೇಳುವ ಬದಲು ಏನು ಅಂತ ಕೇಳಬೇಕು: "ನಿನ್ನೆ ಯಾವ ಕೆಲಸಕ್ಕೆ ಹೆಚ್ಚು ಹೊತ್ತು ಹಿಡೀತು?" "ಯಾವ ಸ್ಕ್ರೂಡ್ರೈವರ್ ಕೈಕೊಡ್ತಿದೆ?" "ಸಂಬಳದ ಸ್ಲಿಪ್ಪಲ್ಲಿ ಯಾವ ಸಾಲು ಅರ್ಥ ಆಗಲಿಲ್ಲ?" ಕೇಳಿ ಹತ್ತು ಸೆಕೆಂಡ್ ಸುಮ್ಮನಿರಬೇಕು. ಹತ್ತು ಸೆಕೆಂಡ್ ಮೌನ ನಿಂತವನಿಗೆ ಬಹಳ ದೀರ್ಘ ಅನಿಸುತ್ತದೆ, ಹೆಚ್ಚಿನವರು ಮೂರಕ್ಕೇ ತಾವೇ ಮಾತು ಶುರುಮಾಡುತ್ತಾರೆ. ಸಾಲಾಗಿ ನಿಲ್ಲಿಸುವ ಬದಲು ಅರ್ಧವೃತ್ತದಲ್ಲಿ ನಿಲ್ಲಿಸಿದರೆ ಹಿಂದಿನ ಸಾಲು ಅನ್ನುವುದೇ ಇರುವುದಿಲ್ಲ. ಮಾತಾಡದವರು ಯಾವಾಗಲೂ ಹಿಂದಿನ ಸಾಲಿನಲ್ಲಿರುತ್ತಾರೆ.

ಒಂದು ತಪ್ಪು ಎಷ್ಟೋ ಕಡೆ ಆಗುತ್ತದೆ. ಸಭೆಯನ್ನು ಶಿಫ್ಟಿಗೆ ಹತ್ತು ನಿಮಿಷ ಮುಂಚೆ, ಅಂದರೆ ಕೂಲಿ ಇಲ್ಲದ ಹೊತ್ತಿನಲ್ಲಿ, ಇಡುತ್ತಾರೆ. ನಲವತ್ತು ಜನರ ಲೈನಿಗೆ ಹತ್ತು ನಿಮಿಷ ಅಂದರೆ 400 ನಿಮಿಷ, ಆರು ಗಂಟೆ ನಲವತ್ತು ನಿಮಿಷದ ಕೆಲಸ. ಕಂಪನಿಗೆ ಅದು ದುಬಾರಿ ಅನಿಸಿದರೆ ಕಾರ್ಮಿಕರಿಗೂ ಅದು ದುಬಾರಿಯೇ. ಅವರ ಮಾತು ಕೇಳಲು ಅವರ ಸಮಯವನ್ನೇ ಪುಕ್ಕಟೆ ಪಡೆದರೆ ಸಭೆ ಶುರುವಾಗುವ ಮುಂಚೆಯೇ ಮರ್ಯಾದೆ ಕೆಟ್ಟಿರುತ್ತದೆ.

ಸಭೆಯಲ್ಲಿ ಎಲ್ಲರೂ ಮಾತಾಡುವುದಿಲ್ಲ. ಅದಕ್ಕೆ ಲೀಡರ್ ದಿನಕ್ಕೆ ಇಬ್ಬರ ಜೊತೆ ಐದೈದು ನಿಮಿಷ ಬೇರೆಯಾಗಿ ಮಾತಾಡಬೇಕು. ಟೀ ಬ್ರೇಕಿನಲ್ಲಿ ಅಲ್ಲ, ಟೀ ಅವರದು. 26 ದಿನಕ್ಕೆ 52 ಮಾತುಕತೆ, ಅಂದರೆ ನಲವತ್ತು ಜನರ ಲೈನಿನಲ್ಲಿ ಪ್ರತಿಯೊಬ್ಬರಿಗೂ ತಿಂಗಳಿಗೊಂದು ಸರದಿ ಬರುತ್ತದೆ, ರಜೆ ಹಾಕಿದವರನ್ನು ಹಿಡಿಯಲು ಜಾಗವೂ ಉಳಿಯುತ್ತದೆ. ಮುಗಿಸುವ ಮುಂಚೆ ಅವರು ಹೇಳಿದ್ದನ್ನು ತನ್ನ ಮಾತಲ್ಲಿ ವಾಪಸ್ ಹೇಳಿ, "ಹೀಗೆ ಅಲ್ವಾ?" ಅಂತ ಕೇಳಬೇಕು. ಅರ್ಧಕ್ಕರ್ಧ ಸಲ, "ಹಾಗಲ್ಲ ಸಾರ್..." ಅಂತ ನಿಜವಾದ ವಿಷಯ ಆಮೇಲೆ ಬರುತ್ತದೆ.

ಇನ್ನೂರು ಪುಟದ ಪುಸ್ತಕ

ಈ ಕೆಲಸಕ್ಕೆ ಆ್ಯಪ್ ಬೇಕಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಇನ್ನೂರು ಪುಟದ ಉದ್ದ ನೋಟ್‌ಬುಕ್ ಸಾಕು. ಗೆರೆ ಎಳೆದು ಏಳು ಕಾಲಂ ಮಾಡಿ: ಕ್ರಮ ಸಂಖ್ಯೆ, ತಾರೀಖು, ಕೇಳಿದವರು, ಅವರದೇ ಮಾತಿನಲ್ಲಿ ವಿಷಯ, ಯಾರು ನೋಡಬೇಕು, ಯಾವ ತಾರೀಖಿಗೆ ಉತ್ತರ, ಕೊಟ್ಟ ಉತ್ತರ. ಕೇಳಿದವರ ಕಾಲಂ ಖಾಲಿ ಬಿಡಲು ಅವಕಾಶವಿರಲಿ. "ಅವರದೇ ಮಾತಿನಲ್ಲಿ" ಅನ್ನುವುದು ಮುಖ್ಯ. "ಬಸ್ಸು ದಿನಾ ಇಪ್ಪತ್ತು ನಿಮಿಷ ಲೇಟು, ನಮ್ಮೂರ ಕತ್ತಲ ರಸ್ತೇಲಿ ಒಬ್ಬಳೇ ನಡೀಬೇಕು" ಅಂತ ಹೇಳಿದ್ದು "ಸಾರಿಗೆ ಸಮಸ್ಯೆ" ಅಂತ ದಾಖಲಾದರೆ ಓದಿದವನಿಗೆ ಬಸ್ಸು ಕಾಣುತ್ತದೆ, ಕತ್ತಲು ಕಾಣುವುದಿಲ್ಲ.

ಉತ್ತರದ ಗಡುವನ್ನು ವಿಷಯ ನೋಡಿ ಇಡಬೇಕು. ಕರೆಂಟ್ ಹೊಡೆಯುವ ಮೆಷಿನ್, ಬೀಗ ಹಾಕಿದ ತುರ್ತು ಬಾಗಿಲು, ನೀರಿಲ್ಲದ ಶೌಚಾಲಯ ಇಂಥವು ಅದೇ ಶಿಫ್ಟಿನಲ್ಲಿ. ಹಾಜರಾತಿ ಮತ್ತು ಸಂಬಳಕ್ಕೆ 48 ಗಂಟೆ. ಕ್ಯಾಂಟೀನು, ಬಸ್ಸು, ಸಮವಸ್ತ್ರ ಹದಿನೈದು ದಿನ. 48 ಗಂಟೆಯಲ್ಲಿ ದುಡ್ಡು ಖಾತೆಗೆ ಬರಲೇಬೇಕು ಅಂತಲ್ಲ, ಆದರೆ "ನಿಮ್ಮ ಎರಡು ದಿನ ಸರಿ ಮಾಡಿದೆ, 3,100 ಮುಂದಿನ ಸಂಬಳದ ಜೊತೆ ಬರುತ್ತೆ, ಸ್ಲಿಪ್ಪಲ್ಲಿ ಬಾಕಿ ಅನ್ನುವ ಸಾಲಿನಲ್ಲಿ ಕಾಣುತ್ತೆ" ಅಂತ ಹೇಳುವುದಕ್ಕೆ 48 ಗಂಟೆ ಧಾರಾಳ. ಗಡುವು ಮೀರುವ ಹಾಗಿದ್ದರೆ ಮೀರುವ ಹಿಂದಿನ ದಿನವೇ ಹೋಗಿ ಹೊಸ ತಾರೀಖು ಹೇಳಬೇಕು. ತಡವಾದದ್ದನ್ನು ಜನ ಕ್ಷಮಿಸುತ್ತಾರೆ. ನಾವೇ ಹೋಗಿ ಹೋಗಿ ಕೇಳಬೇಕಾಯಿತಲ್ಲ ಅನ್ನುವುದನ್ನು ಮರೆಯುವುದಿಲ್ಲ.

ನಮ್ಮ ಕಡೆ "ನೋಡೋಣ" ಅನ್ನುವುದು ಒರಟಾಗದ ಹಾಗೆ ಇಲ್ಲ ಅನ್ನುವ ರೀತಿ. ಮದುವೆ ಮಾತುಕತೆಯಲ್ಲಿ, ಸಾಲ ಕೇಳಿದಾಗ ಅದು ನಡೆಯುತ್ತದೆ, ಎರಡೂ ಕಡೆಯವರಿಗೆ ಅರ್ಥ ಗೊತ್ತಿರುತ್ತದೆ. ಕಾರ್ಖಾನೆಯಲ್ಲಿ ಅದು ನಡೆಯುವುದಿಲ್ಲ. ಹದಿನೆಂಟು ಇಪ್ಪತ್ತು ವರ್ಷದ ಹುಡುಗಿ ಅದನ್ನು ಭರವಸೆ ಅಂದುಕೊಂಡು ಊರಿಗೆ ಫೋನ್ ಮಾಡಿ ಹೇಳಿರುತ್ತಾಳೆ. ಆಗದ್ದನ್ನು ಆಗಲ್ಲ ಅಂತ ಹೇಳುವಾಗ ಮೂರು ಮಾತು ಇರಬೇಕು: ಯಾಕೆ ಆಗಲ್ಲ, ಯಾರು ತೀರ್ಮಾನಿಸಿದರು, ಮತ್ತೆ ಯಾವಾಗ ಕೇಳಬಹುದು. "ಈ ರೂಟಿಗೆ ಒಂಬತ್ತು ಜನ ಇದ್ದೀರಿ, ಹದಿನೈದು ಜನ ಆದರೆ ವ್ಯಾನ್ ಹಾಕುತ್ತಾರೆ, ತೀರ್ಮಾನ ಅಡ್ಮಿನ್ ಮ್ಯಾನೇಜರದು, ಮೂರು ತಿಂಗಳ ನಂತರ ಮತ್ತೆ ಎಣಿಸುತ್ತೇವೆ." ಹೀಗಂದರೆ ಬೇಸರವಾಗುತ್ತದೆ, ಸಿಟ್ಟು ಬರುವುದಿಲ್ಲ.

ಸಲಹಾ ಪೆಟ್ಟಿಗೆಯ ಬಗ್ಗೆ ಎರಡೇ ಮಾತು. ಸಿಸಿ ಕ್ಯಾಮೆರಾದ ಕೆಳಗೆ, ಸೆಕ್ಯೂರಿಟಿ ಮೇಜಿನ ಪಕ್ಕ ಇಟ್ಟ ಪೆಟ್ಟಿಗೆಗೆ ಯಾರೂ ಚೀಟಿ ಹಾಕುವುದಿಲ್ಲ. ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಇಡಿ, ಬೀಗದ ಕೈ ಕಾರ್ಮಿಕರ ಒಬ್ಬ ಪ್ರತಿನಿಧಿ ಮತ್ತು ಎಚ್‌ಆರ್ ಇಬ್ಬರ ಬಳಿಯೂ ಇರಲಿ, ತೆರೆಯುವ ದಿನ ನಿಗದಿಯಾಗಿರಲಿ.

ಏಕವಚನದ ಪ್ರಶ್ನೆ

ಕೋಲಾರ ಸೀಮೆಯಲ್ಲಿ ಏಕವಚನ ಎಲ್ಲ ಸಲವೂ ಅವಮಾನವಲ್ಲ. ಊರೊಳಗೆ ಅದು ಸಲುಗೆ. ಅಜ್ಜಿಯನ್ನು, ಅಣ್ಣನನ್ನು, ಜೊತೆಗೆ ಓದಿದವನನ್ನು ಹೋಗು ಬಾ ಅಂತಲೇ ಮಾತಾಡಿಸುತ್ತೇವೆ. ಕಾರ್ಖಾನೆಯೊಳಗೆ ಅದೇ ಮಾತಿನ ತೂಕ ಬೇರೆ. ಪರೀಕ್ಷೆ ಸುಲಭ: ಅದೇ ಮಾತು ವಾಪಸ್ ಬಂದರೆ ನೀವು ಒಪ್ಪುತ್ತೀರಾ? "ಏಯ್, ಬಾ ಇಲ್ಲಿ" ಅಂದವನಿಗೆ "ಏಯ್, ಏನು?" ಅನ್ನುವ ಉತ್ತರ ಬಂದರೆ ಅವನು ಸಹಿಸದಿದ್ದರೆ, ಅಲ್ಲಿ ಇದ್ದದ್ದು ಸಲುಗೆಯಲ್ಲ. ಇಪ್ಪತ್ತನಾಲ್ಕರ ಹುಡುಗ ನಲವತ್ತೈದರ ಹೆಂಗಸನ್ನು, ಊರಲ್ಲಿ ಸ್ವಸಹಾಯ ಸಂಘ ನಡೆಸುವ, ಮಗಳ ಮದುವೆ ಮಾಡಿದ ಹೆಂಗಸನ್ನು, "ಏನೇ" ಅಂತ ಕರೆದರೆ ಅವಳು ಅವತ್ತು ಏನೂ ಅನ್ನುವುದಿಲ್ಲ. ಮೆಷಿನಿನಲ್ಲಿ ಏನೋ ಸದ್ದು ಬರುತ್ತಿದೆ ಅಂತ ನಾಳೆ ಅವನಿಗೆ ಹೇಳುವುದೂ ಇಲ್ಲ.

ಟೋಕನ್ ನಂಬರಿನಿಂದ ಕೂಗುವುದನ್ನು ನಿಲ್ಲಿಸಲೇಬೇಕು. ನಲವತ್ತು ಹೆಸರು ಕಲಿಯಲು ಒಂದು ವಾರ ಸಾಕು. ಹೆಸರಿಗೆ "ಅವರೇ" ಸೇರಿಸಿ, ಅಥವಾ ವಯಸ್ಸಿಗೆ ತಕ್ಕ ಹಾಗೆ ಅಕ್ಕ, ಅಣ್ಣ ಅನ್ನಿ. ನಮ್ಮ ಭಾಷೆಯಲ್ಲಿ ಅದಕ್ಕೆ ದಾರಿ ಇದ್ದೇ ಇದೆ. ಆದರೆ ಅಮ್ಮ, ಅಕ್ಕ ಅನ್ನುವ ಮಾತು ಹೇಳುತ್ತಲೇ ಹೀಯಾಳಿಸುವುದೂ ಉಂಟು. "ಎಷ್ಟು ಸಲ ಹೇಳಬೇಕಮ್ಮ ನಿನಗೆ?" ಅನ್ನುವಾಗ ಆ ಅಮ್ಮ ಮರ್ಯಾದೆಯದಲ್ಲ.

ತಪ್ಪು ತಿದ್ದುವುದು ಪಕ್ಕಕ್ಕೆ ಕರೆದು, ಮೂರು ಮಾತಿನಲ್ಲಿ: ಏನು ಕಂಡೆ, ಅದರಿಂದ ಏನಾಗುತ್ತದೆ, ಹೇಗೆ ಮಾಡಬೇಕು. "ಈ ಟ್ರೇಯಲ್ಲಿ ಆರು ಪೀಸಿಗೆ ಸ್ಕ್ರೂ ಸಡಿಲ ಇದೆ. ಮುಂದಿನ ಟೆಸ್ಟಿನಲ್ಲಿ ವಾಪಸ್ ಬರುತ್ತೆ. ಡ್ರೈವರ್ ಹಸಿರು ದೀಪ ಹತ್ತೋವರೆಗೂ ಒತ್ತಿ ಹಿಡೀರಿ." ಹಿಂದಿನ ವಾರದ್ದು, ಮನೆಯದ್ದು, ಜಾತಿ ಊರಿನದ್ದು ಬರಬಾರದು. ಹೊಗಳುವುದಾದರೆ ಎಲ್ಲರೆದುರು.

ಭಾಷೆಯ ಜಟಿಲತೆ ಈ ಜಿಲ್ಲೆಯಲ್ಲಿ ಉಳಿದ ಕಡೆಗಿಂತ ಹೆಚ್ಚು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಕಡೆಯವರಿಗೆ ತಮಿಳು, ಮಾಲೂರಿನ ಬಾಡಿಗೆ ಕೋಣೆಗಳಲ್ಲಿ ಒಡಿಶಾ, ಬಿಹಾರದವರು, ಮೇಲಿನ ಮ್ಯಾನೇಜರ್‌ಗಳು ಹಿಂದಿ ಅಥವಾ ಇಂಗ್ಲಿಷ್. ಸಭೆ ಕನ್ನಡದಲ್ಲಿ ನಡೆದು, ತೆಲುಗಿನಲ್ಲಿ ಕೇಳಿದ ಪ್ರಶ್ನೆಗೂ ಉತ್ತರ ಸಿಗುವ ಹಾಗಿರಲಿ. ನೋಟಿಸ್ ಬೋರ್ಡಿಗೆ ಹಾಕುವ ಮುಂಚೆ ಹತ್ತನೇ ಕ್ಲಾಸ್ ಓದಿದ ಒಬ್ಬ ಆಪರೇಟರ್ ಕೈಗೆ ಕೊಟ್ಟು, "ಇದರಲ್ಲಿ ಏನಿದೆ, ನಿಮ್ಮ ಮಾತಲ್ಲಿ ಹೇಳಿ" ಅಂತ ಕೇಳಿ. ಅವರು ಹೇಳಿದ್ದು ತಪ್ಪಾದರೆ ತಿದ್ದಬೇಕಾದ್ದು ನೋಟಿಸನ್ನು.

ಬಸ್ಸು ಹೊರಡುವ ಮುಂಚೆ

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಹೆಂಗಸರು, ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿತು ಅನ್ನುವ ಸುದ್ದಿಗೆ ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೇಂದ್ರ ಸರ್ಕಾರ ಆ ಬದಲಾವಣೆಯನ್ನು ಕೂಡಲೇ ಹಿಂತೆಗೆದುಕೊಂಡಿತು. ಕಷ್ಟಕಾಲಕ್ಕೆ ಕೂಡಿಟ್ಟ ಹಣದ ಬಗ್ಗೆ ಯಾರೂ ತಮ್ಮ ಜೊತೆ ಕೂತು ಮಾತಾಡದೆ ಆದ ತೀರ್ಮಾನ ಅದು. ನಿಯಮ ಬದಲಾಗುವ ಕಾಲದಲ್ಲೇ ಮಾತು ಹೆಚ್ಚು ಬೇಕು, ಮತ್ತು ಈಗ ಅಂಥದ್ದೇ ಕಾಲ.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು, ಅಂದರೆ ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ಹೊಸ ಕಾನೂನುಗಳು, ಜಾರಿಗೆ ಬಂದಿವೆ. ವೇತನದ ವ್ಯಾಖ್ಯೆ ಬದಲಾಗಿದೆ. ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಇದರಿಂದ ಪಿಎಫ್ ಕಡಿತದ ಲೆಕ್ಕ, ಕೈಗೆ ಬರುವ ಹಣ ಕೆಲವರಿಗೆ ಬದಲಾಗಬಹುದು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು, ವೇತನ ಚೀಟಿ ಕೊಡಬೇಕು. ಇಂಥ ಬದಲಾವಣೆಯನ್ನು ಶನಿವಾರ ಸಂಜೆ ಮೆಸೇಜ್ ಕಳಿಸಿ ತಿಳಿಸಿದರೆ ಭಾನುವಾರವೆಲ್ಲ ವಾಟ್ಸ್‌ಆ್ಯಪ್ ಗುಂಪುಗಳು ತಮಗೆ ತಿಳಿದ ಅರ್ಥ ಕೊಡುತ್ತವೆ. ಶಿಫ್ಟ್ ಮುಗಿಯುವಾಗ ಹೇಳಿದರೆ ನರಸಾಪುರದಿಂದ ಮುಳಬಾಗಿಲು ತಲುಪುವುದರೊಳಗೆ ಇಡೀ ಬಸ್ಸಿಗೆ ಒಂದು ಅಭಿಪ್ರಾಯ ಬಂದಿರುತ್ತದೆ, ಮರುದಿನ ಅದನ್ನು ಅಳಿಸುವುದು ಕಷ್ಟ. ವಾರದ ಮಧ್ಯೆ, ಶಿಫ್ಟಿನ ಮೊದಲ ಅರ್ಧದಲ್ಲಿ, ಒಬ್ಬರ ಹಳೆಯ ಸ್ಲಿಪ್ಪನ್ನೂ ಹೊಸ ಸ್ಲಿಪ್ಪನ್ನೂ ಹೆಸರು ತೆಗೆದು ದೊಡ್ಡದಾಗಿ ಅಕ್ಕಪಕ್ಕ ಅಂಟಿಸಿ, ಪ್ರತಿ ಸಾಲನ್ನೂ ಬೆರಳಿಟ್ಟು ತೋರಿಸಬೇಕು. ಲೈನ್ ಲೀಡರ್‌ಗಳಿಗೆ ಇದನ್ನು ಎರಡು ದಿನ ಮುಂಚೆ ಹೇಳಿರಬೇಕು. ತನ್ನ ಕೆಳಗಿನವರ ಜೊತೆಯಲ್ಲೇ ಮೊದಲ ಸಲ ಸುದ್ದಿ ಕೇಳುವ ಲೀಡರ್‌ಗೆ ಉತ್ತರ ಹೇಳಲು ಏನೂ ಇರುವುದಿಲ್ಲ.

ಅದೇ ಕಾನೂನಿನ ಗುಂಪಿನಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಆಡಳಿತದವರು, ಕಾರ್ಮಿಕರು ಸಮಾನ ಸಂಖ್ಯೆಯಲ್ಲಿ, ಒಟ್ಟು 10 ಮೀರದಂತೆ; ಅಧ್ಯಕ್ಷತೆ ಒಂದು ವರ್ಷ ಆಡಳಿತದ ಕಡೆಗೆ, ಇನ್ನೊಂದು ವರ್ಷ ಕಾರ್ಮಿಕರ ಕಡೆಗೆ; ಕಾರ್ಮಿಕರಲ್ಲಿ ಹೆಂಗಸರು ಎಷ್ಟು ಪಾಲು ಇದ್ದಾರೋ ಸಮಿತಿಯಲ್ಲೂ ಅದಕ್ಕೆ ಕಡಿಮೆಯಾಗಬಾರದು; ದೂರು 30 ದಿನದಲ್ಲಿ ಮುಗಿಯಬೇಕು, ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಸಂಧಾನಾಧಿಕಾರಿಯ ಬಳಿ ಹೋಗಬಹುದು. ಸಮಿತಿಯನ್ನು ಕಾಗದದ ಮೇಲೆ ಮಾಡುವ ಕಂಪನಿಗಳು ಒಂದೇ ತಪ್ಪು ಮಾಡುತ್ತವೆ: ಕಾರ್ಮಿಕರ ಪ್ರತಿನಿಧಿಗಳನ್ನು ತಾವೇ ಆರಿಸುತ್ತವೆ. ಹಾಗೆ ಬಂದವರ ಹತ್ತಿರ ಯಾರೂ ಏನೂ ಹೇಳುವುದಿಲ್ಲ. ಮಾಲೂರಿನ ಸಣ್ಣ ಘಟಕಗಳಲ್ಲಿ ಮಾಲೀಕರೇ ಶೆಡ್ಡಿನಲ್ಲಿ ಓಡಾಡುತ್ತಿರುತ್ತಾರೆ, ಅಲ್ಲಿ ಸಮಿತಿಗಿಂತ ಪುಸ್ತಕವೇ ಹೆಚ್ಚು ಕೆಲಸ ಮಾಡುತ್ತದೆ.

ಕಾಂಟ್ರಾಕ್ಟ್ ಕಾರ್ಮಿಕರ ವಿಷಯದಲ್ಲಿ ಕಂಪನಿಗಳು ಒಂದು ಭ್ರಮೆ ಬಿಡಬೇಕು. ಕಾಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಕೊಡುವ ಹೊಣೆ ಮೂಲ ಮಾಲೀಕರ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಂಪನಿಯ, ಮೇಲೇ ಬರುತ್ತದೆ ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಕೊನೆಗೆ ಹೊರಬೇಕಾದ ಹೊಣೆಯನ್ನು ಮೊದಲೇ ಹೊತ್ತರೆ ಪ್ರಶ್ನೆಗೆ ಒಂದೇ ಕಿಟಕಿ ಸಾಕು. ಖಾಯಂ ಇರಲಿ, ಕಾಂಟ್ರಾಕ್ಟ್ ಇರಲಿ, ಪ್ರಶ್ನೆ ಲೈನಿನ ಪುಸ್ತಕಕ್ಕೆ ಬರೆಸಿಕೊಂಡು, ಕಂಪನಿ ಕಾಂಟ್ರಾಕ್ಟರ್ ಇಬ್ಬರೂ ಒಳಗೊಳಗೇ ಓಡಾಡಲಿ. ಹುಡುಗಿ ಓಡಾಡಬಾರದು.

ಹೆಂಗಸರೇ ಹೆಚ್ಚಿರುವ ಲೈನುಗಳಲ್ಲಿ ಕೆಲವು ಮಾತುಗಳು ಸಭೆಯಲ್ಲಿ ಬರುವುದೇ ಇಲ್ಲ. ರಾಜ್ಯ ಸರ್ಕಾರ 2025ರಲ್ಲಿ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಅಂತ ಆದೇಶ ಮಾಡಿತು. ಅದು ಹೈಕೋರ್ಟ್ ಮೆಟ್ಟಿಲೂ ಏರಿದೆ. ಕಾನೂನಿನ ತೀರ್ಮಾನ ಏನೇ ಆಗಲಿ, ಆ ರಜೆಯನ್ನು ಗಂಡಸು ಲೀಡರ್ ಎದುರು ನಿಂತು ಕೇಳಬೇಕಾದರೆ ಎಷ್ಟೋ ಜನ ಕೇಳದೇ ಇರುತ್ತಾರೆ. ಎರಡು ಮೂರು ಲೈನಿಗೊಬ್ಬ ಹಿರಿಯ ಮಹಿಳೆಗೆ ಆ ರಜೆ ಬರೆಯುವ ಅಧಿಕಾರ ಕೊಡಿ, ಕಾರಣದ ಕಾಲಂ ಬೇಡ. ಲೈಂಗಿಕ ಕಿರುಕುಳದ ದೂರು ಮಾತ್ರ ಯಾವ ಕಾರಣಕ್ಕೂ ಲೈನಿನ ಪುಸ್ತಕಕ್ಕೆ ಬರಬಾರದು, ಲೀಡರ್ ಮಟ್ಟದಲ್ಲಿ ರಾಜಿಯಾಗಬಾರದು. 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇರಲೇಬೇಕಾದ ಆಂತರಿಕ ಸಮಿತಿಗೆ ಅದು ನೇರವಾಗಿ ಹೋಗಬೇಕು. ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರ್ ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿರಲಿ.

ಬಾಯಿ ಬಿಟ್ಟವರಿಗೆ ಆಮೇಲೆ ಏನಾಯಿತು ಅನ್ನುವುದನ್ನು ಇಡೀ ಲೈನು ಗಮನಿಸುತ್ತಿರುತ್ತದೆ. ಬಸ್ಸಿನ ಬಗ್ಗೆ ದೂರಿದವಳು ಮುಂದಿನ ವಾರವೇ ಎಲ್ಲಕ್ಕಿಂತ ಕಷ್ಟದ ಸ್ಟೇಷನ್ನಿಗೆ ಹೋದರೆ, ಕಾರಣ ನಿಜವಾಗಿಯೂ ಬೇರೆ ಇದ್ದರೂ, ಆ ಲೈನಿನ ಪುಸ್ತಕ ಅಲ್ಲಿಗೆ ಮುಚ್ಚಿತು. ದೂರು ಕೊಟ್ಟವರ ಸ್ಟೇಷನ್, ಶಿಫ್ಟ್, ಓಟಿ ಗಂಟೆಗಳನ್ನು ಮೂರು ತಿಂಗಳು ಎಚ್‌ಆರ್ ಬೇರೆಯಾಗಿ ನೋಡುತ್ತಿರಬೇಕು. ಬದಲಾಯಿಸಲೇಬೇಕಾದರೆ ಕಾರಣವನ್ನು ಅವರಿಗೆ ಮುಂಚೆ ಹೇಳಿರಬೇಕು.

ಪ್ಲಾಂಟ್ ಮ್ಯಾನೇಜರ್ ವಾರಕ್ಕೊಮ್ಮೆ ಈ ಪುಸ್ತಕಗಳನ್ನು ತೆರೆದರೆ ನೋಡಬೇಕಾದ ಸಂಖ್ಯೆ ಎರಡು: ಗಡುವು ಮೀರಿದ ಪ್ರಶ್ನೆಗಳು ಎಷ್ಟು, ಮತ್ತು ಒಂದೂ ಪ್ರಶ್ನೆ ಬರದ ಲೈನುಗಳು ಯಾವುವು. ಎರಡನೆಯದಕ್ಕೇ ಮೊದಲು ಹೋಗಬೇಕು. ನಲವತ್ತು ಜನ ನಾಲ್ಕು ವಾರ ಏನನ್ನೂ ಕೇಳಲಿಲ್ಲ ಅಂದರೆ ಅಲ್ಲಿ ಎಲ್ಲ ಸರಿಯಿದೆ ಅಂತ ನಂಬಲು ಕಾರಣವಿಲ್ಲ. ಆ ಲೈನಿನ ಬಸ್ಸಿನಲ್ಲಿ ಕೇಳಲು ಬೇಕಾದಷ್ಟಿರುತ್ತದೆ.

ಇವೆಲ್ಲದರಲ್ಲಿ ಒಂದನ್ನೇ ಮೊದಲು ಶುರುಮಾಡುವುದಾದರೆ ಹಾಜರಾತಿಯಿಂದ ಶುರುಮಾಡಿ. ತಿಂಗಳ ಕೊನೆಗೆ ಕಾಯದೆ ಪ್ರತಿ ಸೋಮವಾರ ಬೆಳಗ್ಗೆ ಹಿಂದಿನ ವಾರದ ಮಿಸ್ ಪಂಚ್ ಪಟ್ಟಿಯನ್ನು ಲೈನಿನ ಬೋರ್ಡಿಗೆ ಹಾಕಿ. ಬುಧವಾರದೊಳಗೆ ಲೀಡರ್ ಬೆರಳು ತಪ್ಪಿದ ದಿನದ ಲೈನ್ ಹಾಳೆ ನೋಡಿ ಸಹಿ ಹಾಕಲಿ, ಗುರುವಾರ ಎಚ್‌ಆರ್ ತಿದ್ದಲಿ, ಶುಕ್ರವಾರ ತಿದ್ದಿದ ಪಟ್ಟಿ ಅದೇ ಬೋರ್ಡಿಗೆ ಬರಲಿ. ತಿಂಗಳ 1ನೇ ತಾರೀಖಿಗೆ ಪೂರ್ತಿ ತಿಂಗಳ ಹಾಜರಾತಿ ಹಾಕಿ, 3ರವರೆಗೆ ಆಕ್ಷೇಪಣೆ ತೆಗೆದುಕೊಂಡು, ಆಮೇಲೆ ಸಂಬಳದ ಲೆಕ್ಕಕ್ಕೆ ಕಳಿಸಿ. ಹೀಗೆ ಮಾಡಿದರೆ ಹನ್ನೆರಡನೇ ತಾರೀಖು ಬಂದಿದ್ದೆ ಅಂತ ಆ ಹುಡುಗಿ ಹೇಳುವುದು ಮರುವಾರವೇ. ಅವಳ ಪಕ್ಕದ ಸ್ಟೇಷನ್ನಿನವರಿಗೂ ಲೀಡರ್‌ಗೂ ಆ ದಿನ ಇನ್ನೂ ನೆನಪಿರುತ್ತದೆ.